ಮನೆ ಮುಂದಿನ ರಸ್ತೆ, ಟಿ.ವಿ.ಯೊಳಗಿನ ಕಾರು

ಕಳೆದ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ‘ನನಗೆ ಇಷ್ಟವಾದ ವಾಹನ’ ಎಂಬ ವಿಷಯ ಕೊಟ್ಟು ಹತ್ತು ಸಾಲು ಬರೆಯಲು ಹೇಳಿದ್ದೆ. ಗಂಡುಹುಡುಗರು ನಾನು ಕೇಳಿಯೇ ಇರದ ಕಾರುಗಳ ಹೆಸರು ಬರೆದರು. ಅವನ್ನೆಲ್ಲ ಅವರು ನೋಡಿದ್ದು ಮೊಬೈಲಿನಲ್ಲಿ. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಬರೆಯುವುದನ್ನು ಬಿಟ್ಟು, “ನೀವು ಸಣ್ಣವರಿದ್ದಾಗ ಟಿ.ವಿ.ಯೊಳಗ ಕಾರು ಬರತಿದ್ದವೇನ್ರೀ ಟೀಚರ್?” ಎಂದು ಕೇಳಿದಳು. “ಬರತಿದ್ದವು” ಎಂದೆ. “ಯಾವ್ಯಾವು ರೀ?” ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು, ಮಕ್ಕಳು ಹೊರಗೆ ಓಡಿದರು. ಉತ್ತರ ನನ್ನಲ್ಲಿಯೇ ಉಳಿಯಿತು.

ಉತ್ತರ ಹೇಳಬೇಕೆಂದರೆ ಮೊದಲು ನಮ್ಮೂರಿನ ರಸ್ತೆಯಿಂದ ಆರಂಭಿಸಬೇಕು. ನನ್ನೂರು ಮೋಟೆಬೆನ್ನೂರು. ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಆಗ ಅದಕ್ಕೆ ನಾಲ್ಕನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದರು, ಈಗ ಅದು ನಲವತ್ತೆಂಟು. ಬ್ಯಾಡಗಿಗೆ ತಿರುಗುವ ದಾರಿ ಇಲ್ಲಿಯೇ. ಆಗ ನಾವು ಧಾರವಾಡ ಜಿಲ್ಲೆಯವರು, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನಮ್ಮೂರಿನ ಹೆಸರು ನಾಡಿಗೆಲ್ಲ ಗೊತ್ತಾದದ್ದು ಮಾತ್ರ ಯಾವ ವಾಹನದಿಂದಲೂ ಅಲ್ಲ, ನಡೆದುಹೋದ ಒಬ್ಬ ಹುಡುಗನಿಂದ. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಯವರೆಗೆ ನಡೆದವರಲ್ಲಿ ಕರ್ನಾಟಕದ ಒಬ್ಬರೇ ಒಬ್ಬರು ಮೈಲಾರ ಮಹಾದೇವಪ್ಪ, ಮೋಟೆಬೆನ್ನೂರಿನವರು. ಆಗ ಅವರಿಗೆ ಹದಿನೆಂಟು ತುಂಬಿತ್ತಷ್ಟೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ನಮ್ಮ ಅಜ್ಜಿ ರಸ್ತೆಯಲ್ಲಿ ಯಾರಾದರೂ ಕಾರಿನಲ್ಲಿ ಜೋರಾಗಿ ಹೋದರೆ, “ನಮ್ಮ ಮಾದೇವಪ್ಪ ನಡಕೋತ ಹೋಗಿ ಹೆಸರು ಮಾಡಿದ, ಇವ್ರು ಓಡಿಸಿಗೋತ ಹೋಗಿ ಏನ್ ಮಾಡ್ತಾರ?” ಎನ್ನುತ್ತಿದ್ದಳು.

ನಮ್ಮಪ್ಪನ ಚಹಾದ ಅಂಗಡಿ ಈ ಹೆದ್ದಾರಿಗೆ ಹತ್ತಿಯೇ ಇತ್ತು. ಹಿಂದೆ ಮನೆ, ಮುಂದೆ ಅಂಗಡಿ. ಬ್ಯಾಡಗಿ ಮೆಣಸಿನಕಾಯಿ ತುಂಬಿದ ಲಾರಿಗಳು ನಿಂತರೆ ಮನೆಯೊಳಗಿದ್ದ ನಾವೆಲ್ಲ ಸೀನುತ್ತಿದ್ದೆವು. ಸಾಲಿ ಬಿಟ್ಟ ಮೇಲೆ ನನ್ನ ಕೆಲಸ ಕಪ್ಪು-ಬಸಿ ತೊಳೆಯುವುದು, ತಮ್ಮನ ಕೆಲಸ ಡ್ರೈವರುಗಳಿಗೆ ಚಹಾ ಕೊಟ್ಟು ಬರುವುದು. ನಾನು ತೊಳೆಯುತ್ತ ಕಿಟಕಿಯಿಂದ ಕಾರು ಎಣಿಸುತ್ತಿದ್ದೆ. ಎಣಿಸುವುದು ಕಷ್ಟವೇನಿರಲಿಲ್ಲ. ಲಾರಿ, ಬಸ್ಸು, ಎತ್ತಿನ ಗಾಡಿಗಳ ನಡುವೆ ಎಲ್ಲೋ ಒಂದು ಕಾರು. ಅದೂ ಬಂದರೆ ಅಂಬಾಸಿಡರು, ಇಲ್ಲವೆಂದರೆ ಫಿಯೆಟ್. ಕಾರೆಂದರೆ ಎರಡು ಜಾತಿ ಎಂದೇ ನಾನು ತಿಳಿದಿದ್ದೆ, ಎಮ್ಮೆ ಮತ್ತು ಆಕಳು ಇದ್ದ ಹಾಗೆ. ಅಂಬಾಸಿಡರನ್ನು ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಮಾಡುತ್ತಿದ್ದರು, ಫಿಯೆಟ್ ಅನ್ನು ಮುಂಬಯಿಯಲ್ಲಿ. ಆಮೇಲೆ ಫಿಯೆಟ್‌ಗೆ ಪದ್ಮಿನಿ ಎಂದು ಚಿತ್ತೋಡದ ರಾಣಿಯ ಹೆಸರಿಟ್ಟರು. ಎಷ್ಟು ಕಾರು ಮಾಡಬೇಕೆಂಬುದನ್ನು ಸರಕಾರವೇ ಗೊತ್ತುಮಾಡುತ್ತಿದ್ದ ಕಾಲ ಅದು. ದುಡ್ಡಿದ್ದವರೂ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ದುಡ್ಡಿಲ್ಲದ ನಮ್ಮಂಥವರು ಕಾಯಬೇಕಿರಲಿಲ್ಲ, ಅದೊಂದು ಸುಖ.

“ಹೆಣ್ಣುಹುಡುಗಿಗೆ ಗಾಡಿ ಹುಚ್ಚು ಯಾಕ? ಕಪ್ಪು ಒಡೀತಿ ನೋಡು” ಎಂದು ಅವ್ವ ಬೈಯುತ್ತಿದ್ದಳು. ಹುಚ್ಚು ಇದ್ದದ್ದು ನಿಜ. ಅಂಬಾಸಿಡರ್ ಬರುವ ಸದ್ದನ್ನು ನೋಡದೆಯೇ ಹೇಳುತ್ತಿದ್ದೆ.

1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ಹರಪಾಲ್ ಸಿಂಗ್ ಎಂಬುವರಿಗೆ ಕೊಟ್ಟರು. ಬೆಲೆ ಸುಮಾರು 50,000 ರೂಪಾಯಿ. ಆ ಸುದ್ದಿಯನ್ನು ಅಪ್ಪ ಅಂಗಡಿಗೆ ಬರುವ ಪೇಪರಿನಲ್ಲಿ ಓದಿ ಎಲ್ಲರಿಗೂ ಹೇಳಿದ. ಒಂದು ದಿನ ನಿಜವಾದ ಮಾರುತಿಯೇ ನಮ್ಮ ಅಂಗಡಿಯ ಮುಂದೆ ನಿಂತಾಗ ಊರ ಮಂದಿ ಸುತ್ತುಗಟ್ಟಿ ನೋಡಿದರು. ಅಷ್ಟು ಸಣ್ಣ ಕಾರನ್ನು ನಾವು ಕಂಡಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, “ಇದು ಇನ್ನೂ ದೊಡ್ಡದಾಗತೈತಿ ಏನು?” ಎಂದು ಕೇಳಿದ್ದನ್ನು ನೆನೆದು ನಾವು ಈಗಲೂ ನಗುತ್ತೇವೆ.

ಟಿ.ವಿ.ಯೊಳಗಿನ ಕಾರನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಅದಕ್ಕೂ ಮೊದಲೇ, 1975–76ರಲ್ಲಿ, ಉಪಗ್ರಹದ ಪ್ರಯೋಗವೆಂದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಟಿ.ವಿ. ಇಟ್ಟು ತೋರಿಸಿದ್ದರಂತೆ. ನಮ್ಮ ಧಾರವಾಡ ಜಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. 1985ರ ಮಾರ್ಚಿಯಲ್ಲಿ ಮಾಮಾನ ಮಗಳ ಮದುವೆಗೆಂದು ನಾವೆಲ್ಲ ಬೆಂಗಳೂರಿಗೆ ಹೋಗಿದ್ದೆವು. ಮಾರ್ಚ್ 10, ಭಾನುವಾರ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಫೈನಲ್ ಪಂದ್ಯ. ಮದುವೆ ಮನೆಯ ಗಂಡಸರೆಲ್ಲ ಟಿ.ವಿ. ಮುಂದೆ. ನಮ್ಮವರು ಎಂಟು ವಿಕೆಟ್‌ಗಳಿಂದ ಗೆದ್ದರು. ಇಡೀ ಸರಣಿಯ ಶ್ರೇಷ್ಠ ಆಟಗಾರನೆಂದು ರವಿ ಶಾಸ್ತ್ರಿಗೆ ಆಡಿ ಕಾರು ಬಹುಮಾನ ಬಂತು. ಶಾಸ್ತ್ರಿ ಅದನ್ನು ಮೈದಾನದಲ್ಲಿಯೇ ಓಡಿಸತೊಡಗಿದ. ಉಳಿದ ಆಟಗಾರರು ಒಳಗೆ, ಬಾನೆಟ್ಟಿನ ಮೇಲೆ, ಟಾಪಿನ ಮೇಲೆ ಎಲ್ಲೆಂದರಲ್ಲಿ ಹತ್ತಿ ಕುಳಿತರು.

ಬಳೆ ಇಡಿಸಿಕೊಳ್ಳುತ್ತಿದ್ದ ಅವ್ವ ತಲೆಯೆತ್ತಿ ನೋಡಿ, “ಅಯ್ಯ, ನಮ್ಮ ಬ್ಯಾಡಗಿ ಟೆಂಪೋ ಇದ್ದಂಗ ಐತಲ್ಲ!” ಎಂದಳು. ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಟಿ.ವಿ. ಕಪ್ಪು-ಬಿಳುಪಿನದು, ಕಾರಿನ ಬಣ್ಣ ಯಾವುದೆಂದು ತಿಳಿಯಬೇಕೆಂಬ ಸಂಕಟ ನನಗೆ. ಯಾರನ್ನು ಕೇಳಿದರೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ತಮ್ಮನಿಗೆ ಮನಸ್ಸಿಗೆ ಬಂದ ಬಣ್ಣ ಹೇಳಿಬಿಟ್ಟೆ. 2022ರಲ್ಲಿ ಆ ಕಾರನ್ನು ರಿಪೇರಿ ಮಾಡಿಸಿ ಮತ್ತೆ ಶಾಸ್ತ್ರಿಯವರಿಗೆ ಒಪ್ಪಿಸಿದರೆಂದು ಪೇಪರಿನಲ್ಲಿ ಓದಿದಾಗ, ಹಳೆಯ ಗೆಳತಿಯ ಕ್ಷೇಮ ಸಮಾಚಾರ ತಿಳಿದಷ್ಟು ಸಂತೋಷವಾಯಿತು.

ನಮ್ಮೂರಿಗೆ ಟಿ.ವಿ. ಬಂದದ್ದು ಅದರ ಮರುವರ್ಷ, ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಸಾವಕಾರರ ಮನೆಗೆ. ಕಟ್ಟಿಗೆಯ ಪೆಟ್ಟಿಗೆ, ಅದಕ್ಕೆ ಎಳೆದು ಮುಚ್ಚುವ ಬಾಗಿಲು. ಮಾಳಿಗೆಯ ಮೇಲೆ ಉದ್ದನೆಯ ಕೊಳವೆಗೆ ಆಂಟೆನಾ. ಒಬ್ಬ ಮೇಲೆ ನಿಂತು ತಿರುವುವವನು, ಒಬ್ಬ ಅಂಗಳದಲ್ಲಿ ನಿಂತು ಕೂಗುವವನು, ಒಳಗೆ ನೋಡಿ ಹೇಳುವವರು ನಾವು. “ಬಂತೇನು?” “ಹೋತು!” “ಈಗ?” “ಈಗ ಬಂತು, ಕೈ ಬಿಡಬ್ಯಾಡೋ!” ಗಾಳಿ ಬೀಸಿದರೆ ಎಲ್ಲ ಮೊದಲಿನಿಂದ. ಪಡಸಾಲೆಯಲ್ಲಿ ಚಾಪೆಯ ಮೇಲೆ ಹೆಣ್ಣುಮಕ್ಕಳು, ಕಟ್ಟೆಯ ಮೇಲೆ ಗಂಡಸರು, ಕಿಟಕಿಯಲ್ಲಿ ಹುಡುಗರು. ನಿಮ್ಮ ಊರಿನಲ್ಲಿಯೂ ಹೀಗೆಯೇ ಇದ್ದೀತು.

ಆ ಪಡಸಾಲೆಯಲ್ಲಿಯೇ ‘ಮಾಲ್ಗುಡಿ ಡೇಸ್’ ನೋಡಿದೆವು. ಆರ್.ಕೆ. ನಾರಾಯಣರ ಕಥೆಗಳು, ನಿರ್ದೇಶನ ಶಂಕರನಾಗ್, ಚಿತ್ರೀಕರಣ ಆಗುಂಬೆಯಲ್ಲಿ. ನಮ್ಮ ಮಲೆನಾಡಿನ ಮನೆಗಳು, ನಮ್ಮ ಕನ್ನಡದ ನಟರು, ಆದರೆ ಮಾತೆಲ್ಲ ಹಿಂದಿ. ಸಾಲಿಯಲ್ಲಿ ಕಲಿತ ಹಿಂದಿಯಲ್ಲಿ ನಾನು ಹಿಂದೆ ಕುಳಿತ ಹೆಂಗಸರಿಗೆ ತಿಳಿದಷ್ಟು ಹೇಳುತ್ತಿದ್ದೆ. ತಿಳಿಯದ್ದನ್ನು ನಾನೇ ಸೇರಿಸುತ್ತಿದ್ದೆ. ನಾನು ಮಾಸ್ತರಿಕೆ ಕಲಿತದ್ದು ಅಲ್ಲಿಯೇ ಇರಬೇಕು.

ಅದರಲ್ಲಿ ಒಂದು ರೋಡ್ ಎಂಜಿನ್ನಿನ ಕಥೆ ಬರುತ್ತದೆ. ಜಾತ್ರೆಯಂಥ ಒಂದು ಪ್ರದರ್ಶನದಲ್ಲಿ ಒಬ್ಬನಿಗೆ ರಸ್ತೆ ಸಮ ಮಾಡುವ ಎಂಜಿನ್ ಬಹುಮಾನವಾಗಿ ಸಿಗುತ್ತದೆ. ಇಟ್ಟುಕೊಳ್ಳಲು ಜಾಗವಿಲ್ಲ, ಮಾರಲು ಗಿರಾಕಿಯಿಲ್ಲ, ನಿಂತ ಜಾಗಕ್ಕೆ ಮುನಿಸಿಪಾಲಿಟಿಯವರು ಬಾಡಿಗೆ ಕೇಳುತ್ತಾರೆ. ಎಳೆಯಲು ದೇವಸ್ಥಾನದ ಆನೆ ತರಿಸಿದರೆ ಅದು ಇನ್ನೊಬ್ಬರ ಗೋಡೆಗೆ ಗುದ್ದುತ್ತದೆ. ಕೊನೆಗೆ ಭೂಕಂಪವಾಗಿ, ಎಂಜಿನ್ ತಾನೇ ಹೋಗಿ ಒಂದು ಹಾಳುಬಾವಿಯಲ್ಲಿ ಬೀಳುತ್ತದೆ. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಮರುದಿನದಿಂದ ಹೆದ್ದಾರಿಯ ಪಕ್ಕದಲ್ಲಿ ನಿಲ್ಲುತ್ತಿದ್ದ ರಸ್ತೆ ಕೆಲಸದ ರೋಲರಿಗೆ ಊರ ಹುಡುಗರು ‘ಮಾಲ್ಗುಡಿ’ ಎಂದೇ ಹೆಸರಿಟ್ಟರು. ದಿನಾಲೂ ಅದರ ಮೇಲೆ ಹತ್ತಿ ಸ್ಟೇರಿಂಗ್ ತಿರುವುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಹತ್ತಿ ಕುಳಿತೆ. ಕಬ್ಬಿಣ ಕಾದಿತ್ತು, ಲಂಗ ಕರಿ ಎಣ್ಣೆಯಾಯಿತು. ಅಲ್ಲಿಂದ ರಸ್ತೆ ಎರಡೂ ಕಡೆ ಎಷ್ಟು ದೂರ ಕಾಣುತ್ತಿತ್ತೆಂದರೆ, ಇಳಿಯಲು ಮನಸ್ಸೇ ಬರಲಿಲ್ಲ. ಮನೆಗೆ ಬಂದ ಮೇಲೆ ಲಂಗ ನೋಡಿ ಅವ್ವ ಎರಡು ಕೊಟ್ಟಳು.

1987ರ ಜನವರಿಯಿಂದ ‘ರಾಮಾಯಣ’, 1988ರ ಅಕ್ಟೋಬರಿನಿಂದ ‘ಮಹಾಭಾರತ’. ಭಾನುವಾರ ಬೆಳಿಗ್ಗೆ ಸಾವಕಾರರ ಮನೆಯ ಟಿ.ವಿ.ಗೆ ಕುಂಕುಮ, ಹೂವು, ಊದುಬತ್ತಿ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಗಳೂ ನಿಲ್ಲುತ್ತಿದ್ದವು. ಆ ತಾಸಿನಲ್ಲಿ ಅಪ್ಪನ ಚಹಾ ಒಂದೂ ಖರ್ಚಾಗುತ್ತಿರಲಿಲ್ಲ, ಮುಗಿದ ಕೂಡಲೇ ಎಲ್ಲರಿಗೂ ಒಮ್ಮೆಗೇ ಬೇಕು. ನಮಗೆ ಪುಷ್ಪಕ ವಿಮಾನವೂ ಕಾರೇ, ಅರ್ಜುನನ ರಥವೂ ಕಾರೇ. ಕರ್ಣನ ರಥದ ಗಾಲಿ ಹುಗಿದ ವಾರ ಒಬ್ಬ ಲಾರಿ ಡ್ರೈವರ್ ಕಣ್ಣೊರೆಸಿಕೊಂಡು, “ನಮಗೂ ಹಿಂಗ ಸಿಕ್ಕೊಂತೈತ್ರೀ ಗಾಲಿ, ಆಗ ಯಾರೂ ಬರೂದಿಲ್ಲ” ಎಂದಿದ್ದ.

ಇದೇ ಕಾಲದಲ್ಲಿ ಅಮೆರಿಕದ ಮಕ್ಕಳು ಮಾತನಾಡುವ ಕಪ್ಪು ಕಾರೊಂದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ‘ನೈಟ್ ರೈಡರ್’ ಎಂಬ ಆ ಧಾರಾವಾಹಿ 1982ರಿಂದ 1986ರವರೆಗೆ ನಡೆಯಿತು. ಕಾರಿನ ಹೆಸರು ಕಿಟ್. ಅದಕ್ಕೂ ಹಿಂದೆ, 1966ರಲ್ಲಿ, ಬ್ಯಾಟ್‌ಮನ್ನನ ಕಾರು ಬಂದಿತ್ತು. 2013ರಲ್ಲಿ ಆ ಕಾರು ಹರಾಜಿನಲ್ಲಿ 40 ಲಕ್ಷ ಡಾಲರಿಗೂ ಮೇಲೆ ಹೋಯಿತಂತೆ. ಬಾಲ್ಯವನ್ನು ಕೊಳ್ಳಲು ಮನುಷ್ಯ ಏನೂ ಕೊಟ್ಟಾನು. ಆ ಕಾರುಗಳು ಹಾರಿದರೂ, ಹೊಡೆದರೂ, ಉರುಳಿದರೂ ಮುಂದಿನ ವಾರ ಮತ್ತೆ ಹೊಳೆಯುತ್ತ ಬರುತ್ತವೆ. ನಮ್ಮ ರಥಗಳೂ ಅಷ್ಟೆ, ಮುರಿದವು ಮರುವಾರ ಹೊಸದಾಗಿ ಬಂದವು. ಟಿ.ವಿ.ಯೊಳಗಿನ ಗಾಡಿಗಳು ನಮಗೆ ಅಷ್ಟು ಪ್ರೀತಿಯಾಗಲು ಇದೇ ಕಾರಣವಿರಬೇಕು. ಅವು ನಮ್ಮವರನ್ನು ಯಾರನ್ನೂ ಹಾಯಲಿಲ್ಲ.

ಮನೆ ಮುಂದಿನ ರಸ್ತೆ ಹಾಗಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಒಂದು ತಾಮ್ರದ ತಂಬಿಗೆ ಯಾವಾಗಲೂ ತುಂಬಿಟ್ಟಿರುತ್ತಿತ್ತು. ರಾತ್ರಿ ಹೆದ್ದಾರಿಯಲ್ಲಿ ದೊಡ್ಡ ಸದ್ದಾದರೆ ಅಪ್ಪ ಕಂದೀಲು, ತಂಬಿಗೆ ಹಿಡಿದು ಓಡುತ್ತಿದ್ದ. ಗಾಯಗೊಂಡವರ ಬಾಯಿಗೆ ನೀರು ಬಿಟ್ಟು, ಸಿಕ್ಕ ಲಾರಿಗೆ ಕೈಮಾಡಿ ಹಾವೇರಿಗೋ ರಾಣೆಬೆನ್ನೂರಿಗೋ ಕಳಿಸುತ್ತಿದ್ದ. ಬೆಳಿಗ್ಗೆ ಮಾತಿಲ್ಲದೆ ಚಹಾ ಕುದಿಸುತ್ತಿದ್ದ. ನಾವು ಕೇಳುತ್ತಿರಲಿಲ್ಲ.

ಶಂಕರನಾಗ್ ಎಂದರೆ ನಮ್ಮ ತಮ್ಮನಿಗೆ ಪ್ರಾಣ. ಬ್ಯಾಡಗಿಯಲ್ಲಿ ಸಿನಿಮಾ ಬಂದರೆ, ಊರಲ್ಲಿ ಯಾರಾದರೂ ವಿಡಿಯೋ ಕ್ಯಾಸೆಟ್ ತರಿಸಿದರೆ ಮೊದಲ ಸಾಲಿನಲ್ಲಿ ಅವನೇ. ಈಗ ವಿಚಾರ ಮಾಡಿದರೆ ಶಂಕರನಾಗ್ ಅವರ ಚಿತ್ರಗಳ ತುಂಬ ಗಾಡಿಗಳೇ. ಅವರು ನಿರ್ದೇಶಿಸಿದ ಮೊದಲ ಚಿತ್ರ, 1980ರ ‘ಮಿಂಚಿನ ಓಟ’, ಕಾರು ಕದಿಯುವವರ ಕಥೆ. ಅದೇ ವರ್ಷದ ‘ಆಟೋ ರಾಜ’ದಿಂದ ಅವರು ಆಟೋದವರೆಲ್ಲರ ಮನೆಯ ಮಗನಾದರು. ಅದಾದ ಐದು ವರ್ಷಕ್ಕೆ ‘ಆಕ್ಸಿಡೆಂಟ್’. ಅದರಲ್ಲಿ ಸಿರಿವಂತ ರಾಜಕಾರಣಿಯ ಮಗ ರಾತ್ರಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ಹಾಯಿಸುತ್ತಾನೆ. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ತಮ್ಮ ಅದನ್ನು ನೋಡಿ ಬಂದು, “ಫೈಟಿಂಗ್ ಇಲ್ಲಬೇ ಅಕ್ಕಾ, ಬರೇ ಅಳೂದು” ಎಂದಿದ್ದ. ಅಪ್ಪ ನೋಡಿದ ಒಂದೇ ಒಂದು ಶಂಕರನಾಗ್ ಚಿತ್ರ ಅದು. ಅಪ್ಪ, “ಖರೇ ಹೇಳ್ಯಾನ” ಎಂದಷ್ಟೇ ಅಂದ.

1990ರ ಸೆಪ್ಟೆಂಬರ್ 30, ಭಾನುವಾರ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ‘ಮಹಾಭಾರತ’ ಜೂನಿನಲ್ಲಿಯೇ ಮುಗಿದು ಭಾನುವಾರಗಳು ಬೋಳಾಗಿದ್ದವು. ದಾವಣಗೆರೆ ಕಡೆಯಿಂದ ಬಂದ ಒಬ್ಬ ಲಾರಿ ಡ್ರೈವರ್ ಅಂಗಡಿಯ ಮುಂದೆ ಇಳಿದ. ಚಹಾ ಕೇಳಲಿಲ್ಲ. “ಶಂಕರನಾಗ್ ಹೋದ್ರಂತ್ರೀ, ಆನಗೋಡಿನ ಹತ್ರ” ಎಂದ. ರೇಡಿಯೋ ಹೇಳುವುದಕ್ಕೆ ಮೊದಲೇ ರಸ್ತೆ ನಮಗೆ ಸುದ್ದಿ ತಂದಿತು. ತಮ್ಮ ಆ ಡ್ರೈವರನ ಜೊತೆ ಜಗಳಕ್ಕೇ ನಿಂತ, “ಸುಳ್ಳು ಹೇಳಬ್ಯಾಡ” ಎಂದು. ಮುಂದೆ ಬಂದ ಎರಡನೆಯವನು, ಮೂರನೆಯವನು ಅದನ್ನೇ ಹೇಳಿದರು. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ನಮ್ಮ ಕಡೆಗೇ ಬರುತ್ತಿದ್ದರು. ಹೆಂಡತಿ ಅರುಂಧತಿ ಮತ್ತು ಸಣ್ಣ ಮಗಳು ಜೊತೆಗಿದ್ದರು, ಅವರು ಉಳಿದರು. ಶಂಕರನಾಗ್ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ.

ಆ ದಿನ ಅಪ್ಪ ಅಂಗಡಿ ಮುಚ್ಚಿದ. ಸಂಜೆ ಕಟ್ಟೆಯ ಮೇಲೆ ಕುಳಿತು, “ಇನ್ನ ಎರಡು ತಾಸಿನಾಗ ಆ ಕಾರು ನಮ್ಮ ಮುಂದ ಹಾಯತಿತ್ತು” ಎಂದ. ಚಹಾ ಕುಡಿಯಲು ನಮ್ಮಲ್ಲಿಯೇ ನಿಲ್ಲುತ್ತಿದ್ದರೋ ಏನೋ ಎಂದು ತಮ್ಮ ಬಹಳ ವರ್ಷ ಹೇಳುತ್ತಿದ್ದ. ಆ ರಾತ್ರಿಯೇ ಅಪ್ಪ ನಮ್ಮಿಬ್ಬರನ್ನೂ ಕರೆದು, “ಈ ಮನ್ಯಾಗ ಯಾರೂ ಸ್ಟೇರಿಂಗ್ ಹಿಡಿಯೂದು ಬ್ಯಾಡ” ಎಂದು ದೇವರ ಮುಂದೆ ಆಣೆ ಮಾಡಿಸಿದ. ಲಾರಿ ಡ್ರೈವರ್ ಆಗಬೇಕೆಂದಿದ್ದ ತಮ್ಮ ಅತ್ತ. ನಾನು ಯಾರಿಗೂ ಹೇಳದ ಆಸೆ ಇಟ್ಟುಕೊಂಡವಳು, ಸುಮ್ಮನೆ ಆಣೆ ಮಾಡಿದೆ.

ಅದೇ ದಿನಗಳಲ್ಲಿ ಟಿ.ವಿ.ಯಲ್ಲಿ ‘ಉಡಾನ್’ ಬರುತ್ತಿತ್ತು. ಕವಿತಾ ಚೌಧರಿ ಬರೆದು, ನಿರ್ದೇಶಿಸಿ, ತಾವೇ ಕಲ್ಯಾಣಿ ಸಿಂಗ್ ಎಂಬ ಪೊಲೀಸ್ ಅಧಿಕಾರಿಯಾಗಿ ನಟಿಸಿದ್ದರು. ಖಾಕಿ ಉಡುಪಿನಲ್ಲಿ ಆಕೆ ಬಂದರೆ ಸಾವಕಾರರ ಪಡಸಾಲೆಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಟಿ.ವಿ.ಯ ಗಾಡಿಗಳಲ್ಲಿ ಅದುವರೆಗೆ ಹೆಂಗಸರು ಹಿಂದಿನ ಸೀಟಿನಲ್ಲಿ ಕೂರುವವರು, ರಥದಲ್ಲಿ ಅಪಹರಣವಾಗುವವರು. ಇಳಿದು ಹುಕುಂ ಕೊಡುವವಳನ್ನು ನಾನು ಮೊದಲು ಕಂಡದ್ದು ಆಗ. ನೌಕರಿ ಸಿಕ್ಕ ಮೇಲೆ ಮೂರನೆಯ ಪಗಾರದಲ್ಲಿ ಕಂತು ಕಟ್ಟಿ ಲೂನಾ ತೆಗೆದುಕೊಂಡೆ. “ಇದಕ್ಕ ಸ್ಟೇರಿಂಗ್ ಇಲ್ಲಪ್ಪಾ, ಹ್ಯಾಂಡಲ್ ಐತಿ” ಎಂದಾಗ ಅಪ್ಪ ನಕ್ಕನೇ ಹೊರತು ಬೈಯಲಿಲ್ಲ. ಅದೇ ನೆವದಲ್ಲಿ ತಮ್ಮ ರಾಣೆಬೆನ್ನೂರಿನಲ್ಲಿ ಆಟೋ ಹಿಡಿದ. ಆಟೋಕ್ಕೂ ಹ್ಯಾಂಡಲ್ಲೇ ಅಲ್ಲವೆ? ಅದರ ಹಿಂದೆ ಶಂಕರನಾಗ್ ಅವರ ಚಿತ್ರ. ನಾಡಿನ ಯಾವ ಊರಿನ ಆಟೋ ಸ್ಟ್ಯಾಂಡಿಗೆ ಹೋದರೂ ಆ ಚಿತ್ರ ಈಗಲೂ ಕಾಣುತ್ತದೆ. ಅವರು ತೀರಿಕೊಂಡ ಮೇಲೆ ಹುಟ್ಟಿದ ಹುಡುಗರೇ ಅದನ್ನು ಹಚ್ಚಿಸಿಕೊಂಡಿರುತ್ತಾರೆ.

ಹೆದ್ದಾರಿ ಅಗಲವಾಯಿತು. ಮೊದಲು ನಾಲ್ಕು ಸಾಲಿನ ರಸ್ತೆ, ಆಮೇಲೆ ಇನ್ನೂ ದೊಡ್ಡದು. ಅಪ್ಪನ ಅಂಗಡಿ ಆ ಅಗಲದೊಳಗೆ ಹೋಯಿತು. ಸಾವಕಾರರ ಟಿ.ವಿ. ಗುಜರಿಗೆ ಹೋಯಿತು. 2014ರಲ್ಲಿ ಮಾರುತಿ 800 ನಿಂತಿತು, ಅದೇ ವರ್ಷ ಅಂಬಾಸಿಡರ್ ಕೂಡ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೂ ಮುಗಿದವು. ಅರಸಾಳು ಎಂಬಲ್ಲಿ ‘ಮಾಲ್ಗುಡಿ’ಯ ಹಳೆಯ ರೈಲು ನಿಲ್ದಾಣವನ್ನು 2020ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಮ್ಮ ರೋಲರಿಗೆ ಯಾರೂ ಸಂಗ್ರಹಾಲಯ ಕಟ್ಟಲಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ನಾನು ಕಾರು ಕಲಿತೆ. ಆಣೆ ಮುರಿದೆನೆಂಬ ಅಳುಕು ಇಲ್ಲದಿರಲಿಲ್ಲ. ಅವ್ವನನ್ನು ಕೇಳಿದೆ. “ಅವರು ಅಂಜಿಕ್ಯಾಗ ಆಣೆ ಮಾಡಿಸಿದ್ರು. ನೀ ಅಂಜಿ ನಡಸು, ಅಷ್ಟ ಸಾಕು” ಎಂದಳು. ಹಳೆಯ ಮಾರುತಿ ಕೊಂಡೆವು. ಚಿತ್ರದುರ್ಗದಲ್ಲಿ ಬೀಗರ ಮದುವೆಗೆ ಹೋಗುವಾಗ ನಾನೇ ನಡೆಸಿದೆ, ಪಕ್ಕದಲ್ಲಿ ತಮ್ಮ, ಹಿಂದೆ ಅವ್ವ. ದಾವಣಗೆರೆ ದಾಟಿದ ಮೇಲೆ ಆನಗೋಡಿನ ಹೆಸರಿನ ಫಲಕ ಬಂತು. ತಮ್ಮ ಏನೂ ಹೇಳಲಿಲ್ಲ. ನಾನು ವೇಗ ತಗ್ಗಿಸಿದೆ. ಹಿಂದಿನ ಲಾರಿಯವನು ಹಾರ್ನು ಬಾರಿಸಿ ಮುಂದೆ ಹೋದ. ಅವ್ವ ಕಿಟಕಿಯ ಕಡೆ ತಿರುಗಿ ಕೈಮುಗಿದಳು.

ಮೊನ್ನೆ ಆ ಹುಡುಗಿ ಎಂಟನೆಯ ತರಗತಿಗೆ ಹೋಗುವ ಮೊದಲು ಅವಳನ್ನು ಕರೆದು ಕೂರಿಸಿಕೊಂಡೆ. ರೋಡ್ ಎಂಜಿನ್ನಿನ ಕಥೆ ಹೇಳಿದೆ, ಶಾಸ್ತ್ರಿಯ ಕಾರಿನ ಕಥೆ ಹೇಳಿದೆ, ಆನಗೋಡಿನದನ್ನೂ ಹೇಳಿದೆ. ಅವಳು ದಿನಾಲೂ ಅದೇ ಹೆದ್ದಾರಿ ದಾಟಿ ಬರುವವಳು. ಎಲ್ಲ ಕೇಳಿ, “ಆ ಆಡಿ ಕಾರು ಯಾವ ಬಣ್ಣದ್ದಿತ್ತು ರೀ ಟೀಚರ್?” ಎಂದಳು.

“ಗೊತ್ತಿಲ್ಲವ್ವಾ, ನಮ್ಮ ಟಿ.ವಿ. ಕಪ್ಪು-ಬಿಳುಪಿಂದು” ಎಂದೆ. ಆಮೇಲೆ ಅವಳ ಚೀಲ ಎತ್ತಿಕೊಂಡು, ರಸ್ತೆಯ ಆಚೆಯವರೆಗೆ ಅವಳ ಕೈ ಹಿಡಿದು ದಾಟಿಸಿ ಬಂದೆ.